ಮುಂಬೈ ಮೂರು ದಿನ, ಮಾಥೇರಾನ್ ಎರಡು ರಾತ್ರಿ: ಯಾವುದು ಮೊದಲು, ಯಾವ ವಾರ?

ಧಾರವಾಡ_ಫೇಡಾ
ಡಿಸೆಂಬರ್ ಮೊದಲ ವಾರದಾಗ ಮುಂಬೈ ನೋಡೋದು, ಜೊತಿಗೆ ಗದ್ದಲ ಇಲ್ಲದ ಒಂದು ಗುಡ್ಡದ ಊರಾಗ ಎರಡು ದಿನ ಸುಮ್ಮನ ಕೂಡೋದು ಅಂತ ಪ್ಲಾನ್ ಐತಿ. ನಾವಿಬ್ರು, ಅಪ್ಪ-ಅವ್ವ, ಎಂಟು ವರ್ಷದ ಮಗಳು. ಅವ್ವಗ ಮೊಣಕಾಲು ನೋವು. ಹುಬ್ಬಳ್ಳಿ–ದಾದರ್ ಗಾಡಿಗೆ ಬಂದು ಅದಕ್ಕ ವಾಪಸ್. ಗುಡ್ಡ ಅಂದ್ರ ಮಾಥೇರಾನ್ ಮನಸ್ಸಿನ್ಯಾಗ ಐತಿ. ಶನಿವಾರ, ರವಿವಾರ ಗುಡ್ಡದ ಮ್ಯಾಲೆ ಇದ್ದು ಸೋಮವಾರದಿಂದ ಮುಂಬೈ ನೋಡಿದ್ರ ಹೆಂಗ? ಅಲ್ಲೇ ಇರೋರು ಸ್ವಲ್ಪ ಹೇಳ್ರಿ.

ಅಂಬರ್‌ನಾಥ್_ಲೋಕಲ್
ಸರ್, ಪೂರ್ತಿ ತಿರುಗಿಸಿ ಹಾಕಿ. ಶನಿವಾರ, ಭಾನುವಾರ ಮಾಥೇರಾನ್ ಅಂದ್ರೆ ಅರ್ಧ ಮುಂಬೈ ಅಲ್ಲೇ ಇರುತ್ತೆ. ಊರ ಹೊರಗೆ ಕಾರು ನಿಲ್ಲಿಸಬೇಕಾದ ದಸ್ತೂರಿ ನಾಕಾದಲ್ಲಿ ಪಾರ್ಕಿಂಗ್ ತುಂಬಿ, ಘಾಟಿ ರಸ್ತೆಯಲ್ಲಿ ಗಾಡಿಗಳು ಒಂದರ ಹಿಂದೆ ಒಂದು ನಿಂತುಬಿಡ್ತವೆ. ರೂಮಿನ ಬಾಡಿಗೆಯೂ ವಾರದ ಮಧ್ಯಕ್ಕಿಂತ ಬಹಳ ಹೆಚ್ಚು. ಗದ್ದಲ ಬೇಡ ಅಂತ ಹೋಗಿ ಗದ್ದಲದೊಳಗೇ ಕೂತಂತಾಗುತ್ತೆ.

ಇತ್ತ ಮುಂಬೈಯಲ್ಲಿ ಸೋಮವಾರ ದಂಡದ ದಿನ. ಎಲಿಫೆಂಟಾ ಗುಹೆಗಳಿಗೆ ಸೋಮವಾರ ರಜೆ. ಬೊರಿವಲಿಯ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನಕ್ಕೂ ರಜೆ, ಅದರೊಳಗಿನ ಕಾನ್ಹೇರಿ ಗುಹೆಗಳೂ ಸಿಗಲ್ಲ. ಹಾಗಾಗಿ ಆ ದಿನವನ್ನೇ ಗುಡ್ಡ ಹತ್ತೋಕೆ ಇಟ್ಟುಕೊಳ್ಳಿ. ಶುಕ್ರವಾರ ಬೆಳಿಗ್ಗೆ ದಾದರ್‌ಗೆ ಬಂದು ಭಾನುವಾರದವರೆಗೆ ನಗರ, ಸೋಮವಾರ ಬೆಳಿಗ್ಗೆ ಗುಡ್ಡದ ಬುಡದ ನೇರಳ್ ಸ್ಟೇಷನ್ನಿಗೆ, ಬುಧವಾರ ಮಧ್ಯಾಹ್ನ ಇಳಿದು ರಾತ್ರಿ ಗಾಡಿ. ಎಷ್ಟು ದಿನ ಅನ್ನೋದಕ್ಕಿಂತ ಯಾವ ವಾರ ಎಲ್ಲಿರ್ತೀರಿ ಅನ್ನೋದು ಇಲ್ಲಿ ಮುಖ್ಯ.

ಭಾನುವಾರ ಊರು ಬದಲಿಸೋಕೆ ಹೋಗಲೇಬೇಡಿ. ಸೆಂಟ್ರಲ್ ಲೈನಿನಲ್ಲಿ ಅವತ್ತು ಮೆಗಾಬ್ಲಾಕ್, ಸಾಮಾನ್ಯವಾಗಿ ಬೆಳಿಗ್ಗೆ ಹನ್ನೊಂದರ ಹೊತ್ತಿನಿಂದ ಸಂಜೆ ನಾಲ್ಕರವರೆಗೆ ಹಳಿ ರಿಪೇರಿ. ಫಾಸ್ಟ್ ಗಾಡಿಗಳನ್ನ ಸ್ಲೋ ಹಳಿಗೆ ಹಾಕ್ತಾರೆ, ಕೆಲವನ್ನ ರದ್ದೇ ಮಾಡ್ತಾರೆ.

ಸುರತ್ಕಲ್_ಸಾಯನ್
ವಾರದ ಲೆಕ್ಕ ಸರಿ ಉಂಟು. ಒಂದು ಮಾತು ಸೇರಿಸ್ತೇನೆ. ಭಾನುವಾರ ಕೋಟೆ ಕಡೆ, ಅಂದ್ರೆ ಫೋರ್ಟ್ ಏರಿಯಾ, ಖಾಲಿ ಖಾಲಿ. ಕಟ್ಟಡ ನೋಡ್ಲಿಕ್ಕೆ ಒಳ್ಳೆಯದೇ: ವಿ.ಟಿ. ಅಂದ್ರೆ ಈಗಿನ ಸಿಎಸ್‌ಎಂಟಿ ಸ್ಟೇಷನ್, ಹೈಕೋರ್ಟ್, ರಾಜಾಬಾಯಿ ಗಡಿಯಾರ ಗೋಪುರ, ಓವಲ್ ಮೈದಾನ, ಆಚೆ ಮರೀನ್ ಡ್ರೈವ್‌ವರೆಗೆ ಆರ್ಟ್ ಡೆಕೊ ಶೈಲಿಯ ಮನೆಗಳ ಸಾಲು. ವಿ.ಟಿ. 2004ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು, ಓವಲ್ ಸುತ್ತಿನ ಕಟ್ಟಡಗಳು 2018ರಲ್ಲಿ. ರಸ್ತೆಯ ನಡುವೆ ನಿಂತು ತಲೆ ಎತ್ತಿ ನೋಡುವಷ್ಟು ಪುರುಸೊತ್ತು ಭಾನುವಾರ ಬೆಳಿಗ್ಗೆ ಬಿಟ್ರೆ ಬೇರೆ ದಿನ ಸಿಗ್ಲಿಕ್ಕಿಲ್ಲ. ಮೈದಾನದಲ್ಲಿ ಒಟ್ಟೊಟ್ಟಿಗೆ ಎಷ್ಟೋ ಕ್ರಿಕೆಟ್ ಆಟ ನಡೀತಿರ್ತದೆ, ಮಗುವಿಗೆ ಖುಷಿ.

ಆದ್ರೆ ಮುಂಬೈಯ ಗಡಿಬಿಡಿ ನೋಡ್ಬೇಕು ಅಂತಾದ್ರೆ ಅದು ಕೆಲಸದ ದಿನವೇ ಆಗ್ಬೇಕು ಮಾರಾಯ್ರೆ. ಶುಕ್ರವಾರ ಹನ್ನೊಂದು ಕಾಲರಿಂದ ಹನ್ನೆರಡರ ಒಳಗೆ ಚರ್ಚ್‌ಗೇಟ್ ಸ್ಟೇಷನ್ನಿನ ಹೊರಗೆ ನಿಂತ್ರೆ ಆಫೀಸಿನವರಿಗೆ ಊಟದ ಡಬ್ಬಿ ಮುಟ್ಟಿಸುವ ಡಬ್ಬಾವಾಲಾಗಳು ಅವನ್ನು ವಿಂಗಡಿಸುವುದು ಕಾಣ್ತದೆ. ದಾರಿಗೆ ಅಡ್ಡ ನಿಂತು ಫೋಟೋ ತೆಗೀಬೇಡಿ, ಅವರಿಗೆ ಒಂದೊಂದು ನಿಮಿಷವೂ ಲೆಕ್ಕ. ಹಾಗೇ, ಆಫೀಸಿನವರನ್ನೇ ನಂಬಿದ ಫೋರ್ಟಿನ ಎಷ್ಟೋ ಉಡುಪಿ ಹೋಟೆಲ್, ಇರಾನಿ ಅಂಗಡಿಗಳು ಭಾನುವಾರ ಬಾಗಿಲು ಹಾಕಿರ್ತವೆ. ಮೊದಲೇ ತಿಂಡಿ ಮುಗಿಸಿ ಹೊರಡಿ.

ಕೋಥ್ರೂಡ್_ಕನ್ನಡಿಗ
ಮಾಥೇರಾನ್ ಯಾಕೆ ಅಂತ ಕೇಳಬಹುದಾ? ಮಹಾಬಳೇಶ್ವರ ಎತ್ತರವೂ ಹೆಚ್ಚು, ಸುಮಾರು 1,350 ಮೀಟರ್. ಡಿಸೆಂಬರಿಗೆ ಸ್ಟ್ರಾಬೆರಿ ಶುರುವಾಗಿರುತ್ತೆ, ಪಂಚಗಣಿಯ ಟೇಬಲ್‌ಲ್ಯಾಂಡ್ ಪಕ್ಕದಲ್ಲೇ ಇದೆ, ಕಾರು ಹೋಟೆಲ್ ಬಾಗಿಲಿಗೇ ಹೋಗುತ್ತೆ. ಮೊಣಕಾಲು ನೋವಿರೋರಿಗೆ ಅದೇ ಅನುಕೂಲ ಅಲ್ವಾ?

ಅಂಬರ್‌ನಾಥ್_ಲೋಕಲ್
ಪುಣೆಗೆ ಜೋಡಿ ಮಹಾಬಳೇಶ್ವರ, ಒಪ್ಪಿದೆ. ಪುಣೆಯಿಂದ 120 ಕಿ.ಮೀ. ಆಸುಪಾಸು, ಸ್ವಾರ್‌ಗೇಟ್‌ನಿಂದ ಎಸ್.ಟಿ. ಬಸ್ಸೂ ಇದೆ. ಮುಂಬೈಯಿಂದ ಸುಮಾರು 260 ಕಿ.ಮೀ., ಆರು ಗಂಟೆ ರಸ್ತೆಯಲ್ಲೇ ಹೋಗುತ್ತೆ. ಮತ್ತೆ ಅಲ್ಲಿಂದ ದಾದರ್‌ಗೆ ಬಂದು ರೈಲು ಹತ್ತೋದು ವ್ಯರ್ಥ. ಇವರು ಕಾರಿನಲ್ಲಿ ಬೆಳಗಾವಿ, ಕೊಲ್ಹಾಪುರ, ಸಾತಾರಾ ಮೇಲೆ ಬರೋ ಹಾಗಿದ್ರೆ ನಿಮ್ಮ ಮಾತೇ ಸರಿ, ಸಾತಾರಾದಿಂದ ಮೇಢಾ ಮೇಲೆ ನೇರ ಹತ್ತಬಹುದು. ರೈಲಿನಲ್ಲಿ ಬರೋರಿಗೆ ನೇರಳ್ ದಾರಿಯಲ್ಲೇ ಸಿಗುತ್ತೆ.

ಬೆಳಗಾವಿ_ಕುಂದಾ
ಗೋವಾ ಕಡೆಯವರು ಇದನ್ನ ಓದಾಕತ್ತಿದ್ರ ಅಂಬೋಲಿ ನೆನಪಿಟ್ಕೋರಿ. ಬೆಳಗಾವಿ–ಸಾವಂತವಾಡಿ ರಸ್ತಾದಾಗ, 690 ಮೀಟರ್ ಎತ್ತರದಾಗ ಐತಿ. ನಮ್ಮ ಘಟಪ್ರಭಾಗ ಸೇರೋ ಹಿರಣ್ಯಕೇಶಿ ಅಲ್ಲೇ ಹುಟ್ಟತೈತಿ. ಪಣಜಿ ಎರಡು ದಿನ, ಅಂಬೋಲಿ ಎರಡು ದಿನ, ಊರಿಗೆ ವಾಪಸ್. ಮುಂಬೈಗೆ ಹೋಗೋರಿಗೆ ಇದು ಸಂಬಂಧ ಇಲ್ಲ, ಬಿಡ್ರಿ.

ಕೆಂಪುಮಣ್ಣು
ನೇರಳ್ ಇಳಿದ ಮೇಲಿನದು ನಾನು ಬರೀತೀನಿ. ಜನ ಎಡವೋದು ಅಲ್ಲೇ.

ಮಾಥೇರಾನ್ ಸುಮಾರು 800 ಮೀಟರ್ ಎತ್ತರ. ಊರೊಳಗೆ ಕಾರು, ಬೈಕು ಇಲ್ಲ, ಆಂಬುಲೆನ್ಸಿನಂಥ ತುರ್ತು ವಾಹನ, ಕೆಲವು ಇ-ರಿಕ್ಷಾಗಳಿಗೆ ಮಾತ್ರ ಬಿಡುವು. 2003ರಲ್ಲಿ ಕೇಂದ್ರ ಪರಿಸರ ಸಚಿವಾಲಯ ಇದನ್ನು ಪರಿಸರ ಸೂಕ್ಷ್ಮ ವಲಯ ಅಂತ ಘೋಷಿಸಿದೆ. ನಿಮಗೆ ಬೇಕಾದ ನಿಶ್ಶಬ್ದ ಇರೋದೇ ಇದರಿಂದ, ಅವ್ವನವರಿಗೆ ಆಗೋ ತೊಂದರೆಯೂ ಇದರಿಂದಲೇ. ಎರಡೂ ಒಟ್ಟಿಗೇ ಬರುತ್ತವೆ.

ಮೇಲೆ ಹೋಗೋಕೆ ಎರಡು ದಾರಿ. ಒಂದು ನೇರಳ್‌ನಿಂದಲೇ ಟಾಯ್ ಟ್ರೇನ್: ಎರಡು ಅಡಿ ಅಗಲದ ಹಳಿ, ಸುಮಾರು 21 ಕಿ.ಮೀ., 1907ರಿಂದ ಓಡ್ತಿದೆ. ಕಟ್ಟಿಸಿದವರು ಅಬ್ದುಲ್ ಹುಸೇನ್ ಆದಮ್‌ಜಿ ಪೀರ್‌ಭಾಯ್. ಏರು ಕೆಲವೆಡೆ ಇಪ್ಪತ್ತು ಅಡಿಗೆ ಒಂದು ಅಡಿಯಷ್ಟು ಕಡಿದು, ಅದಕ್ಕೇ ಎರಡೂವರೆ ಗಂಟೆ ಮೀರಿ ಹಿಡಿಯುತ್ತೆ. ಬೆಳಿಗ್ಗೆ ಮೇಲೆ ಹೋಗೋ ಗಾಡಿಗಳು ಕೆಲವೇ ಕೆಲವು, ಸಮಯ ಋತುವಿಗೆ ತಕ್ಕಂತೆ ಬದಲಾಗುತ್ತೆ, ಹೊರಡೋ ಹಿಂದಿನ ದಿನ ನೋಡಿಕೊಳ್ಳಿ. ಟಿಕೆಟ್ ಕೌಂಟರ್ ತೆರೆಯೋದು ಗಾಡಿ ಹೊರಡೋ ಮುಕ್ಕಾಲು ಗಂಟೆ ಮೊದಲು, ಆದರೆ ಕ್ಯೂ ಅದಕ್ಕೂ ಮೊದಲೇ ಬೆಳೆದಿರುತ್ತೆ. ಡಬ್ಬಿ ಆರೇ, ಅದರಲ್ಲೂ ಕೆಲವು ಅರ್ಧ ಲಗೇಜಿಗೆ ಹೋಗುತ್ತವೆ. ಸೋಮವಾರ ಒಂದು ಗಂಟೆ ಮುಂಚೆ ನಿಂತರೆ ಸಿಗೋ ಸಾಧ್ಯತೆ ಚೆನ್ನಾಗಿದೆ. ಭಾನುವಾರ ಆ ಮಾತು ಹೇಳೋಕಾಗಲ್ಲ.

ಎರಡನೇದು, ಸ್ಟೇಷನ್ ಹೊರಗಿನ ಶೇರ್ ಟ್ಯಾಕ್ಸಿ. ಅರ್ಧ ಗಂಟೆಯೊಳಗೆ ದಸ್ತೂರಿ ನಾಕಾಕ್ಕೆ ಬಿಡ್ತಾರೆ. ನೀವು ಐದು ಜನ, ಒಂದು ಗಾಡಿ ಪೂರ್ತಿ ನಿಮ್ಮದೇ ಆಗುತ್ತೆ. ತಿರುವುಗಳು ಗಿಡ್ಡ ಗಿಡ್ಡ, ಮಗುವಿಗೆ ಹೊಟ್ಟೆ ತುಂಬ ತಿನ್ನಿಸಿ ಕೂರಿಸಬೇಡಿ. ದಸ್ತೂರಿಯಲ್ಲಿ ಪ್ರವೇಶ ಕರ ಕೊಟ್ಟು ಐದು ನಿಮಿಷ ನಡೆದರೆ ಅಮನ್ ಲಾಡ್ಜ್ ಸ್ಟೇಷನ್. ಅಲ್ಲಿಂದ ಶಟಲ್ ಗಾಡಿ ಇಪ್ಪತ್ತು ನಿಮಿಷದಲ್ಲಿ ಮಾಥೇರಾನ್ ಬಜಾರಿನ ಮಧ್ಯಕ್ಕೇ ತಂದಿಳಿಸುತ್ತೆ. ನಡೆದರೆ ಎರಡೂವರೆ, ಮೂರು ಕಿ.ಮೀ., ಮುಕ್ಕಾಲು ಗಂಟೆ.

ದಸ್ತೂರಿಯಲ್ಲಿ ಟ್ಯಾಕ್ಸಿ ಇಳಿದ ಕೂಡಲೇ ‘ಗಾಡಿ ಬಂದ್ ಇದೆ, ಊರು ಏಳೆಂಟು ಕಿಲೋಮೀಟರ್, ಕುದುರೆ ಬೇಕೇ ಬೇಕು’ ಅನ್ನೋರು ಸಿಗ್ತಾರೆ. ಕೇಳಿಸಿಕೊಳ್ಳದೆ ನೇರ ಅಮನ್ ಲಾಡ್ಜ್ ಕಿಟಕಿಗೆ ಹೋಗಿ ಕೇಳಿ. ಪ್ರವಾಸಿಗರಿಗೆ ಹೀಗೆ ಟೋಪಿ ಹಾಕ್ತಾರೆ ಅಂತ 2025ರ ಮಾರ್ಚ್‌ನಲ್ಲಿ ಊರಿನವರೇ ಬಂದ್ ಮಾಡಿದ್ದರು. ಕುದುರೆಯ ದರದ ಬೋರ್ಡ್ ಅಲ್ಲೇ ಹಾಕಿರ್ತಾರೆ, ಹತ್ತೋ ಮೊದಲು ಓದಿ.

ಧಾರವಾಡ_ಫೇಡಾ
ಭಾಳ ಉಪಕಾರ ಆತು. ಅವ್ವಗ ಟಾಯ್ ಟ್ರೇನ್ ಛಲೋನೋ, ಟ್ಯಾಕ್ಸಿ ಛಲೋನೋ? ಕೈಗಾಡಿ ಇರ್ತಾವ ಅಂತ ಕೇಳೀನಿ. ಮತ್ತ ಎರಡು ದೊಡ್ಡ ಟ್ರಾಲಿ ಸೂಟ್‌ಕೇಸ್ ಅದಾವ.

ಕೆಂಪುಮಣ್ಣು
ಹತ್ತೋವಾಗ ಟ್ಯಾಕ್ಸಿ ಮತ್ತು ಶಟಲ್, ಇಳಿಯೋವಾಗ ಬೇಕಿದ್ದರೆ ಟಾಯ್ ಟ್ರೇನ್. ಗಾಡಿಯ ಸೀಟು ಇಕ್ಕಟ್ಟು, ಕಾಲು ಚಾಚೋಕಾಗಲ್ಲ. ಎರಡೂವರೆ ಗಂಟೆ ಮೊಣಕಾಲು ಮಡಚಿ ಕೂತು, ಇಳಿದ ಮೇಲೆ ನಡೆಯೋದು ಕಷ್ಟ.

ಮನುಷ್ಯರು ಎಳೆಯೋ ಕೈಗಾಡಿಯನ್ನು ಲೆಕ್ಕದಿಂದ ಬಿಟ್ಟುಬಿಡಿ. ಆರು ತಿಂಗಳಲ್ಲಿ ಅದನ್ನು ನಿಲ್ಲಿಸಿ ಎಳೆಯೋರಿಗೆ ಇ-ರಿಕ್ಷಾ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2025ರ ಆಗಸ್ಟ್‌ನಲ್ಲಿ ಹೇಳಿದೆ. ಇ-ರಿಕ್ಷಾ ಇದ್ದರೂ ಸಂಖ್ಯೆ ಕಡಿಮೆ, ಶಾಲೆ ಬಿಡೋ ಹೊತ್ತಿಗೆ ಮಕ್ಕಳಿಗೇ ಮೊದಲು. ಕುದುರೆ ಮೊಣಕಾಲು ನೋವಿಗೆ ಸರಿಯಲ್ಲ, ಹತ್ತಿ ಇಳಿಯೋದರಲ್ಲೇ ನೋವು ಹೆಚ್ಚುತ್ತೆ.

ಹೋಟೆಲ್ ಆರಿಸೋವಾಗ ನೋಟ ಹೇಗಿದೆ ಅಂತ ನೋಡಬೇಡಿ, ಮಾಥೇರಾನ್ ಸ್ಟೇಷನ್ನಿನಿಂದ ಎಷ್ಟು ಮೀಟರ್, ಮೆಟ್ಟಿಲು ಎಷ್ಟು ಅಂತ ಫೋನ್ ಮಾಡಿ ಕೇಳಿ. 500 ಮೀಟರ್ ಒಳಗಿರಲಿ. ‘ಬಜಾರಿಗೆ ಹತ್ತಿರ’ ಅಂತ ಜಾಲತಾಣದಲ್ಲಿ ಬರೆದಿದ್ದು ಒಂದೂವರೆ ಕಿ.ಮೀ. ಆಗಿರಬಹುದು. ಚೆಕ್‌ಇನ್, ಚೆಕ್‌ಔಟ್ ಗಂಟೆಗಳನ್ನೂ ಕೇಳಿ. ಇಲ್ಲಿ ಎಷ್ಟೋ ಕಡೆ ಊಟ ಸೇರಿಸಿಯೇ ದರ ಹೇಳ್ತಾರೆ, ಲೆಕ್ಕ ಒಂದು ಊಟದಿಂದ ಶುರುವಾಗಿ ಇನ್ನೊಂದಕ್ಕೆ ಮುಗಿಯುತ್ತೆ. ಬೆಳಿಗ್ಗೆ ಬೇಗ ರೂಮು ಬಿಡಿಸೋ ಹೋಟೆಲ್ ಆದರೆ ಬುಧವಾರ ಮಧ್ಯಾಹ್ನದವರೆಗೆ ಅವ್ವನವರು ಎಲ್ಲಿ ಕೂರಬೇಕು?

ಟ್ರಾಲಿ ತರಲೇಬೇಡಿ. ಕೆಂಪು ಮಣ್ಣು, ಕಲ್ಲು, ಬೇರು. ಚಕ್ರ ಉರುಳಲ್ಲ, ಹಮಾಲರಿಗೆ ತಲೆ ಮೇಲೆ ಹೊರಿಸಬೇಕಾಗುತ್ತೆ.

ಮಾಟುಂಗಾ_ಮಲ್ಲಿಗೆ
ಸೂಟ್‌ಕೇಸಿಗೆ ಉಪಾಯ ಹೇಳ್ತೀನಿ. ಐದು ಜನರ ಎರಡು ರಾತ್ರಿಯ ಬಟ್ಟೆ ಎರಡು ಬೆನ್ನುಚೀಲಕ್ಕೆ ಹಿಡಿಯುತ್ತೆ. ದೊಡ್ಡದನ್ನು ಕಲ್ಯಾಣ್ ಸ್ಟೇಷನ್ನಿನ ಕ್ಲೋಕ್‌ರೂಮಿನಲ್ಲಿಡಿ, ಬುಧವಾರ ಅಲ್ಲೇ ರಾತ್ರಿ ಗಾಡಿ ಹತ್ತೋದಾದರೆ ತಿರುಗಿ ದಾದರ್‌ಗೆ ಬರೋ ಕೆಲಸವೇ ಇಲ್ಲ. ಬ್ಯಾಗಿಗೆ ಬೀಗ ಇರಲೇಬೇಕು, ಬೀಗ ಇಲ್ಲದ್ದನ್ನು ತಗೊಳ್ಳಲ್ಲ. ಜಿಪ್ ಹರಿದಿದ್ದರೂ ತಕರಾರು. ಟಿಕೆಟ್, ಗುರುತಿನ ಚೀಟಿ ಕೈಯಲ್ಲಿರಲಿ, ಕೊಟ್ಟ ರಸೀದಿ ಕಳೀಬೇಡಿ.

ಉಳಿಯೋಕೆ ಮಾಟುಂಗಾ ನೋಡಿ. ಸೆಂಟ್ರಲ್ ಲೈನ್ ಮಾಟುಂಗಾ ಸ್ಟೇಷನ್ ಸುತ್ತ ಕನ್ನಡ ಕೇಳಿಸುತ್ತೆ, ಅಪ್ಪ-ಅಮ್ಮನಿಗೆ ನಮ್ಮ ಊಟ ಸಿಗುತ್ತೆ. ಕೆಫೆ ಮದ್ರಾಸ್, ಕೆಫೆ ಮೈಸೂರ್, ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಎಲ್ಲ ನಡೆಯೋ ದೂರದಲ್ಲೇ. ಭಾನುವಾರ ಬೆಳಿಗ್ಗೆ ಒಂಬತ್ತಾದ ಮೇಲೆ ಹೋದರೆ ಹೆಸರು ಬರೆಸಿ ಫುಟ್‌ಪಾತ್ ಮೇಲೆ ಕಾಯಬೇಕು, ಏಳೂವರೆಗೆ ಹೋಗಿ. ಕೆಲವಕ್ಕೆ ಸೋಮವಾರ ವಾರದ ರಜೆ. ಅವತ್ತು ನೀವು ಹೇಗೂ ಗುಡ್ಡದಲ್ಲಿರ್ತೀರಿ.

ಯಾರೂ ಹೇಳಿಲ್ಲ, ನಾನು ಹೇಳ್ತೀನಿ: ಡಿಸೆಂಬರ್ 6 ಡಾ. ಅಂಬೇಡ್ಕರರ ಮಹಾಪರಿನಿರ್ವಾಣ ದಿನ. ದಾದರ್ ಚೈತ್ಯಭೂಮಿಗೆ ಲಕ್ಷಗಟ್ಟಲೆ ಜನ ಬರ್ತಾರೆ, ಶಿವಾಜಿ ಪಾರ್ಕ್ ಸುತ್ತ ರಸ್ತೆಗಳನ್ನ ಬದಲಿಸ್ತಾರೆ, ಒಂದೆರಡು ದಿನ ಮೊದಲಿನಿಂದಲೇ ಗಾಡಿಗಳು ತುಂಬಿರುತ್ತವೆ. ವಯಸ್ಸಾದವರು, ಮಗು, ಲಗೇಜು ಇದ್ದರೆ ಆ ಹೊತ್ತಿಗೆ ದಾದರ್‌ನಲ್ಲಿ ಇಳಿಯೋದು ಕಷ್ಟ. ಎರಡನೇ ವಾರಕ್ಕೆ ಸರಿಸಿದರೆ ನಿರಾಳ.

ಧಾರವಾಡ_ಫೇಡಾ
ಅಕ್ಕಾರ, ಇದು ಗೊತ್ತೇ ಇರಲಿಲ್ಲ ನೋಡ್ರಿ. ಎರಡನೇ ವಾರಕ್ಕ ಸರಿಸೀನಿ. ಲೋಕಲ್ ಗಾಡಿ ಹತ್ತೋದು ನೆನೆಸಿದ್ರ ಎದಿ ಝಲ್ ಅಂತೈತಿ.

ಅಂಬರ್‌ನಾಥ್_ಲೋಕಲ್
ನಿಮ್ಮ ದಾರಿ ಜನರ ದಾರಿಗೆ ಉಲ್ಟಾ, ಹೆದರಬೇಡಿ. ಬೆಳಿಗ್ಗೆ ಊರೆಲ್ಲ ವಿ.ಟಿ. ಕಡೆ ಹೋಗುತ್ತೆ, ನೀವು ಕರ್ಜತ್ ಕಡೆ. ಏಳರ ಹೊತ್ತಿಗೆ ಹತ್ತಿದರೆ ಕಿಟಕಿ ಸೀಟೇ ಸಿಗಬಹುದು. ಬುಧವಾರ ಸಂಜೆ ಜನ ಮನೆ ಕಡೆ, ನೀವು ಕಲ್ಯಾಣ್ ಕಡೆ, ಆಗಲೂ ಖಾಲಿ. ಕೆಟ್ಟ ಹೊತ್ತು ಒಂದೇ: ಬೆಳಿಗ್ಗೆ ಆರೂವರೆಯಿಂದ ಹತ್ತರೊಳಗೆ ನೇರಳ್‌ನಿಂದ ಮುಂಬೈ ಕಡೆ. ನೇರಳ್‌ನಲ್ಲಿ ಕೂತುಕೊಳ್ಳೋಕೆ ಜಾಗ ಸಿಕ್ಕರೂ ಬದ್ಲಾಪುರದಲ್ಲಿ ಡಬ್ಬಿ ತುಂಬುತ್ತೆ, ಆಮೇಲೆ ಕಲ್ಯಾಣ್‌ನಲ್ಲಿ ಇಳಿಯೋಕಾಗಲ್ಲ.

ಮಾಟುಂಗಾದಲ್ಲಿ ಫಾಸ್ಟ್ ನಿಲ್ಲಲ್ಲ. ಒಂದು ಸ್ಟೇಷನ್ ಹಿಂದಕ್ಕೆ ದಾದರ್‌ಗೆ ಹೋಗಿ ಕರ್ಜತ್ ಅಥವಾ ಖೋಪೋಲಿ ಫಾಸ್ಟ್ ಹಿಡೀರಿ. ವಿ.ಟಿ.ಯಿಂದ ನೇರಳ್ 86 ಕಿ.ಮೀ. ಹತ್ತಿರ, ಎರಡು ಗಂಟೆಗೆ ಸ್ವಲ್ಪ ಕಡಿಮೆ. ಹೊಸಬರು ತಪ್ಪೋದು ಕಸಾರಾ ಗಾಡಿ ಹತ್ತಿ. ಕರ್ಜತ್, ಕಸಾರಾ ಎರಡೂ ಕಲ್ಯಾಣ್‌ವರೆಗೆ ಒಂದೇ ಹಳಿ, ಅಲ್ಲಿಂದ ಕವಲು. ಕಲ್ಯಾಣ್ ಆದ ಮೇಲೆ ವಿಠಲವಾಡಿ ಬಂದರೆ ಸರಿ, ಶಹಾಡ್ ಬಂದರೆ ತಕ್ಷಣ ಇಳಿದು ಕಲ್ಯಾಣ್‌ಗೆ ವಾಪಸ್. ಬೋರ್ಡಿನಲ್ಲಿ ಅಂಬರ್‌ನಾಥ್, ಬದ್ಲಾಪುರ ಅಂತಿದ್ದರೂ ಬೇಡ, ನೇರಳ್ ಮುಟ್ಟಲ್ಲ.

ಸೂಟ್‌ಕೇಸ್ ಇಡೋಕೆ ಕಲ್ಯಾಣ್‌ನಲ್ಲಿ ಇಳಿಯೋದಾದ್ರೆ ಟಿಕೆಟ್ಟನ್ನ ಕಲ್ಯಾಣ್‌ವರೆಗೆ ಒಂದು, ಅಲ್ಲಿಂದ ನೇರಳ್‌ಗೆ ಇನ್ನೊಂದು ಮಾಡಿ. ಕ್ಲೋಕ್‌ರೂಮಿಗೆ ಅರ್ಧ ಗಂಟೆ ಇಟ್ಟುಕೊಳ್ಳಿ. ಕಲ್ಯಾಣ್‌ನಿಂದ ನೇರಳ್ ಮುಕ್ಕಾಲು ಗಂಟೆಯೊಳಗೆ.

ಹುಬ್ಬಳ್ಳಿ ಟಿಕೆಟ್ ಮಾಡೋವಾಗಲೇ ಬೋರ್ಡಿಂಗ್ ಕಲ್ಯಾಣ್ ಅಂತ ಕೊಡಿ. ದಾದರ್ ಅಂತಲೇ ಬಿಟ್ಟು ಕಲ್ಯಾಣ್‌ನಲ್ಲಿ ಹತ್ತಿದರೆ ಟಿಟಿಇ ನಿಮ್ಮ ಬರ್ತನ್ನ ಬೇರೆಯವರಿಗೆ ಕೊಟ್ಟಿರಬಹುದು. ಒಮ್ಮೆ ಬದಲಿಸಿದ ಮೇಲೆ ದಾದರ್‌ನಲ್ಲಿ ಹತ್ತೋ ಹಕ್ಕೂ ಹೋಗುತ್ತೆ, ಮನಸ್ಸು ಗಟ್ಟಿ ಮಾಡಿಕೊಂಡೇ ಒತ್ತಿ.

ನವಿಮುಂಬೈ_ನೆಲ
ವಿಮಾನದಲ್ಲಿ ಬರುವವರಿಗೆ: ಟಿಕೆಟ್ ಯಾವ ನಿಲ್ದಾಣದ್ದು ಅಂತ ನೋಡಿಕೊಳ್ಳಿ. ನವಿ ಮುಂಬೈ ನಿಲ್ದಾಣದಿಂದ 2025ರ ಡಿಸೆಂಬರ್ 25ರಿಂದ ವಿಮಾನಗಳು ಹಾರುತ್ತಿವೆ, ಅದು ಪನ್ವೇಲ್ ಪಕ್ಕದಲ್ಲಿದೆ. ಅಲ್ಲಿ ಇಳಿಯುವವರು ಗುಡ್ಡವನ್ನೇ ಮೊದಲು ಮುಗಿಸಬಹುದು, ಮುಂಬೈ ಒಳಗೆ ಹೊಕ್ಕು ಹೊರಬರುವ ಅಗತ್ಯವಿಲ್ಲ. ಹಳೆಯ ನಿಲ್ದಾಣದಲ್ಲಿ ಇಳಿದರೆ ಮೆಟ್ರೊ 3 ನೇರ ದಾದರ್, ಸಿಎಸ್‌ಎಂಟಿಗೆ ಒಯ್ಯುತ್ತದೆ. 2025ರ ಅಕ್ಟೋಬರ್‌ನಿಂದ ಕಫ್ ಪರೇಡ್‌ವರೆಗೂ ಓಡುತ್ತಿದೆ.

ಸುರತ್ಕಲ್_ಸಾಯನ್
ಶನಿವಾರ ಎಲಿಫೆಂಟಾ ದ್ವೀಪಕ್ಕೆ ಹೋಗುವುದಾದ್ರೆ ಒಂದು ಮಾತು. ಗೇಟ್‌ವೇಯಿಂದ ಒಂಬತ್ತರ ಹೊತ್ತಿಗೆ ಬೋಟು ಶುರು, ಒಂದು ಗಂಟೆ ಸಮುದ್ರದ ಮೇಲೆ. ಮೊದಲ ಬೋಟಿಗೇ ಹೋಗಿ, ಹನ್ನೊಂದರ ಮೇಲೆ ದಂಡು ಬರ್ತದೆ. ಜೆಟ್ಟಿಯಿಂದ ಗುಡ್ಡದ ಬುಡಕ್ಕೆ ಆಟದ ರೈಲು ಇದ್ದರೂ ಆಮೇಲೆ 120ರಷ್ಟು ಮೆಟ್ಟಿಲು ಉಂಟು. ಅಮ್ಮನವರಿಗೆ ಅದು ಬೇಡ ಅಂತ ನನ್ನ ಅಭಿಪ್ರಾಯ. ಅವರಿಬ್ಬರು ಗೇಟ್‌ವೇ ಹತ್ತಿರದ ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯದಲ್ಲಿ ಆರಾಮವಾಗಿ ನೋಡ್ತಾ ಕೂರಲಿ, ನೀವು ಮೂವರು ಹೋಗಿ ಮಧ್ಯಾಹ್ನ ಎರಡರೊಳಗೆ ವಾಪಸ್ ಬನ್ನಿ. ದ್ವೀಪದಲ್ಲಿ ಕೋತಿಗಳ ಕಾಟ ಜೋರು, ಚಿಪ್ಸ್ ಪೊಟ್ಟಣ ಕೈಯಲ್ಲಿ ಹಿಡೀಬೇಡಿ.

ಕೋಥ್ರೂಡ್_ಕನ್ನಡಿಗ
ಎಲ್ಲ ಸರಿ, ಮಾಥೇರಾನ್‌ಗೆ ಎರಡು ರಾತ್ರಿ ಜಾಸ್ತಿ ಆಗಲ್ವಾ? ಪಾಯಿಂಟು ಅಂದ್ರೆ ಎಲ್ಲ ಒಂದೇ, ಕಣಿವೆ ಮತ್ತು ಕಂಬಿ.

ಕೆಂಪುಮಣ್ಣು
ಕಂಬಿಯ ಮಾತಿಗೆ ನಕ್ಕೆ. ಒಂದೇ ರಾತ್ರಿ ಇದ್ದರೆ ನಿಮ್ಮ ಮಾತು ನಿಜವಾಗುತ್ತೆ: ಮೊದಲ ದಿನ ಊಟದ ಹೊತ್ತಿಗೆ ಮುಟ್ಟಿ, ಸಂಜೆ ಒಂದು ಪಾಯಿಂಟ್ ನೋಡಿ, ಮರುದಿನ ಗಂಟು ಕಟ್ಟೋದು. ಎರಡು ರಾತ್ರಿ ಇದ್ದರೆ ಮಧ್ಯದಲ್ಲೊಂದು ಪೂರ್ತಿ ದಿನ ಸಿಗುತ್ತೆ, ಗುಡ್ಡಕ್ಕೆ ಬಂದದ್ದೇ ಆ ದಿನಕ್ಕೆ.

ಹಂಚಿಕೆ ಹೀಗಿರಲಿ. ಸೋಮವಾರ ಊಟ, ನಿದ್ದೆ, ಸಂಜೆ ಬಜಾರಿಗೆ ಹತ್ತಿರದ ಖಂಡಾಲಾ ಪಾಯಿಂಟ್, ಅಲ್ಲಿಗೆ ಅವ್ವನವರೂ ನಿಧಾನವಾಗಿ ಬರಬಹುದು. ಮಂಗಳವಾರ ನಸುಕಿನಲ್ಲಿ ಸೂರ್ಯೋದಯಕ್ಕೆ ಪನೋರಮಾ ಪಾಯಿಂಟ್ ಅಂತ ಎಲ್ಲರೂ ಹೇಳ್ತಾರೆ. ಅದು ಬಜಾರಿನಿಂದ ಐದು ಕಿ.ಮೀ. ಹತ್ತಿರ, ಕತ್ತಲಲ್ಲಿ ಮಗುವಿನ ಜೊತೆ ನಡೆಯೋದಲ್ಲ. ಅದರ ಬದಲು ತಿಂಡಿ ಮುಗಿಸಿ ಷಾರ್ಲೆಟ್ ಕೆರೆ, ಪಕ್ಕದ ಪಿಸರ್‌ನಾಥ ಗುಡಿ, ಹಾಗೇ ಮುಂದೆ ಎಕೋ ಪಾಯಿಂಟ್, ಲೂಯಿಸಾ ಪಾಯಿಂಟ್. ಲೂಯಿಸಾದಿಂದ ಎದುರಿಗೇ ಪ್ರಬಲ್‌ಗಡ ಕಾಣುತ್ತೆ. ದಾರಿ ಪೂರ್ತಿ ಮರದ ನೆರಳು. ಕೆರೆ ಊರಿನ ಕುಡಿಯೋ ನೀರು, ಇಳಿಯೋಕೆ ಬಿಡಲ್ಲ. ಸಂಜೆ ಪಾರ್ಕ್ಯುಪೈನ್ ಪಾಯಿಂಟಿನಲ್ಲಿ ಸೂರ್ಯಾಸ್ತ. ಟಾರ್ಚ್ ಒಯ್ಯಿರಿ, ಡಿಸೆಂಬರಿನಲ್ಲಿ ಹೊತ್ತು ಮುಳುಗಿದ ಮೇಲೆ ಕಾಡಿನ ದಾರಿ ಬೇಗ ಕಪ್ಪಾಗುತ್ತೆ, ಬೇರುಗಳು ಕಾಲಿಗೆ ಸಿಗ್ತವೆ.

ಪ್ಲಾಸ್ಟಿಕ್ ಚೀಲ ಕಂಡರೆ ಕೋತಿ ಕಸಿಯುತ್ತೆ, ಬಟ್ಟೆಯ ಚೀಲದೊಳಗಿಟ್ಟು ಜಿಪ್ ಹಾಕಿ. ಬಿಳಿ ಶೂ, ಬಿಳಿ ಸಾಕ್ಸ್ ಬೇಡ, ಕೆಂಪು ಬಣ್ಣ ಒಗೆದರೂ ಹೋಗಲ್ಲ. ಧೂಳಿಗೆ ಕೆಮ್ಮು ಬರೋರಿದ್ದರೆ ಮಾಸ್ಕ್ ತನ್ನಿ, ಕುದುರೆ ಓಡೋ ದಾರಿಯಲ್ಲಿ ಬೇಕಾಗುತ್ತೆ. ನಗದು ಮುಂಬೈಯಲ್ಲೇ ತೆಗೆದಿಟ್ಟುಕೊಳ್ಳಿ, ಮೇಲಿನ ಎಟಿಎಂ ನಂಬಿ ಬರಬೇಡಿ. ಅವ್ವನವರ ಮಾತ್ರೆಗಳಿಗೂ ಇದೇ ಮಾತು.

ಬೆಳಗಾವಿ_ಕುಂದಾ
ಮಳಿಗಾಲದಾಗ ಹೋದ್ರ? ರೂಮು ಅಗ್ಗ ಅಂತಾರ.

ಕೆಂಪುಮಣ್ಣು
ಅಗ್ಗ ಹೌದು, ತೆರೆದಿರೋ ಹೋಟೆಲ್ಲೂ ಕಡಿಮೆ. ಜೂನ್ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗೆ ನೇರಳ್–ಅಮನ್ ಲಾಡ್ಜ್ ಟಾಯ್ ಟ್ರೇನ್ ನಿಲ್ಲಿಸ್ತಾರೆ, ಗುಡ್ಡ ಜರಿದು ಹಳಿ ಕೊಚ್ಚಿಹೋಗುತ್ತೆ ಅಂತ. 2005ರಲ್ಲಿ, 2019ರಲ್ಲಿ ಹಾಗೇ ಆಗಿ ವರ್ಷಗಟ್ಟಲೆ ಮುಚ್ಚಿತ್ತು. ಅಮನ್ ಲಾಡ್ಜ್‌ನಿಂದ ಮೇಲೆ ಶಟಲ್ ಮಾತ್ರ ಓಡುತ್ತೆ. ನೋಟ ಬಯಸಿ ಹೋದರೆ ಮೋಡವೇ ಸಿಗೋದು. ಜೋರು ಮಳೆಯ ದಿನ ಸಾಯನ್, ಕುರ್ಲಾದಲ್ಲಿ ಹಳಿ ಮೇಲೆ ನೀರು ನಿಂತರೆ ಇಳಿದು ಬಂದವರು ಮುಂಬೈ ಮುಟ್ಟೋದೂ ಅನುಮಾನ. ಮಳೆಗಾಲದಲ್ಲಿ ಗುಡ್ಡದಿಂದ ಇಳಿದ ದಿನವೇ ವಿಮಾನವೋ ರೈಲೋ ಇಟ್ಟುಕೊಳ್ಳಬೇಡಿ.

ಧಾರವಾಡ_ಫೇಡಾ
ಹಂಗಾದ್ರ ಬುಧವಾರ ಮಧ್ಯಾಹ್ನದ ಟಾಯ್ ಟ್ರೇನಿಗೆ ಇಳಿದು, ನೇರಳ್‌ನಿಂದ ಲೋಕಲ್, ಕಲ್ಯಾಣದಾಗ ರಾತ್ರಿ ಗಾಡಿ. ಸರಿ ಅಲ್ಲೇನ್ರಿ?

ಅಂಬರ್‌ನಾಥ್_ಲೋಕಲ್
ಸರಿ. ಒಂದೇ ಷರತ್ತು: ಇಳಿಯೋ ಗಾಡಿಗಳಲ್ಲಿ ಮೊದಲನೇದನ್ನ ಹಿಡೀರಿ, ಕೊನೆಯದನ್ನ ನೆಚ್ಚಬೇಡಿ. ಮಾಥೇರಾನ್ ಸ್ಟೇಷನ್ನಿನಲ್ಲಿ ಕೌಂಟರ್ ತೆರೆಯೋ ಮೊದಲೇ ಒಬ್ಬರು ಕ್ಯೂನಲ್ಲಿ ನಿಲ್ಲಿ, ಉಳಿದವರು ಬಜಾರಿನಲ್ಲಿ ಚಿಕ್ಕಿ ಕೊಳ್ಳಲಿ. ಟಿಕೆಟ್ ಸಿಗಲಿಲ್ಲ ಅಂದ್ರೆ ಇನ್ನೊಂದು ಗಾಡಿಗೆ ಕಾಯಬೇಡಿ, ತಕ್ಷಣ ಶಟಲ್ ಹಿಡಿದು ಅಮನ್ ಲಾಡ್ಜ್, ದಸ್ತೂರಿಯಿಂದ ಟ್ಯಾಕ್ಸಿ. ಒಂದೂವರೆ ಗಂಟೆಯಲ್ಲಿ ನೇರಳ್ ಪ್ಲಾಟ್‌ಫಾರ್ಮ್ ಮೇಲಿರ್ತೀರಿ.